ಹಲ್ಲಿನ ಪಥ್ಯ

ಅವ್ವನ ಹಲ್ಲು ಒಂದೊಂದಾಗಿ ಬಿದ್ದು ಬಾಯಿ ಖಾಲಿಯಾದಾಗ ನಾನು ಹೆಚ್ಚು ಚಿಂತಿಸಲಿಲ್ಲ. ಕಾಲುವೆ ನೀರು ಬಂದು ನಮ್ಮ ಹೊಲದಲ್ಲಿ ಜೋಳ ಹೋಗಿ ಭತ್ತ ಬಂದಿತ್ತು. ಮನೆಯಲ್ಲಿ ಎರಡು ಹೊತ್ತೂ ಅನ್ನ. ಹಲ್ಲಿಲ್ಲದವರಿಗೆ ಇದಕ್ಕಿಂತ ಅನುಕೂಲ ಏನಿದೆ ಎಂದುಕೊಂಡಿದ್ದೆ. ಆದರೆ ಅವ್ವ ಸೊರಗತೊಡಗಿದಳು. ಕುಪ್ಪಸದ ತೋಳುಗಳು ಜೋತುಬಿದ್ದವು.

"ಅನ್ನ ಉಂಡ್ರ ಉಂಡಂಗ ಆಗಂಗಿಲ್ಲೋ ಯಪ್ಪಾ. ಗಾಳಿ ನುಂಗಿದಂಗ ಆಗ್ತದ," ಎನ್ನುತ್ತಿದ್ದಳು. ಅವಳಿಗೆ ಬೇಕಿದ್ದದ್ದು ರೊಟ್ಟಿ. ಮಜ್ಜಿಗೆಯಲ್ಲಿ ನೆನೆಸಿದ್ದಲ್ಲ, ಕಡಕ್ ರೊಟ್ಟಿ, ಜೊತೆಗೆ ಉಳ್ಳಾಗಡ್ಡಿ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಕಾಲುವೆ ತೋಡುವಾಗ ಅವ್ವ ಮಣ್ಣಿನ ಬುಟ್ಟಿ ಹೊತ್ತು ನನ್ನನ್ನು ಓದಿಸಿದಳು. ಅದೇ ಕಾಲುವೆಯ ಆಫೀಸಿನಲ್ಲಿ, ಭೀಮರಾಯನಗುಡಿಯಲ್ಲಿ, ನಾನು ಗುಮಾಸ್ತನಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಹೆಮ್ಮೆಯಿದೆ. ಅಂಥವಳ ಬಾಯಿಗೆ ಒಂದು ರೊಟ್ಟಿ ಮುಟ್ಟಿಸಲಾಗದಿದ್ದರೆ ನನ್ನ ಓದಿಗೆ ಏನು ಅರ್ಥ? ಯಾದಗಿರಿಗೆ ಕರೆದೊಯ್ದು ಹಲ್ಲಿನ ಸೆಟ್ ಮಾಡಿಸಿದೆ.

ಡಾಕ್ಟರ್ ಮೈಸೂರು ಕಡೆಯ ಹುಡುಗಿ. ಸೆಟ್ ಕೂರಿಸಿ, "ಮೊದಮೊದಲು ಮೆತ್ತಗಿರೋದು ತಿನ್ನಿ ಅಮ್ಮ. ಅನ್ನ, ಬೇಳೆ, ಬಾಳೆಹಣ್ಣು. ಗಟ್ಟಿ ರೊಟ್ಟಿ ಈಗಲೇ ಬೇಡ," ಎಂದರು.

"ಆಗ್ಲಿ ಯವ್ವಾ," ಎಂದಳು ಅವ್ವ.

ಮಳೆಗಾಲ ಹೋಗಿ ಚಳಿ ಬಂತು. ಅವ್ವನಿಗೆ ಹಲ್ಲು ಚೆನ್ನಾಗಿ ಒಗ್ಗಿತು. ಪಕ್ಕದ ಮನೆಯ ಮುದುಕಿ, "ಏನಬೇ, ಹೊಸಾ ಸೊಸಿ ನಕ್ಕಂಗ ನಗಾಕತ್ತೀಯಲ್ಲ," ಎಂದರೆ ಇವಳು ಇನ್ನಷ್ಟು ಬಾಯಿ ತೆರೆದು ತೋರಿಸುತ್ತಿದ್ದಳು. ಆದರೆ ಊಟಕ್ಕೆ ಕುಳಿತಾಗ ಹಲ್ಲು ಹಾಕಿಕೊಂಡು ಅನ್ನವನ್ನೇ ಉಣ್ಣುವಳು. ನನ್ನ ಹೆಂಡತಿ ಸಂತೆಯಿಂದ ಜೋಳ ತರಿಸಿ ರೊಟ್ಟಿ ಬಡಿದಿಟ್ಟರೆ ತಾಟನ್ನು ಮೆಲ್ಲಗೆ ಆಚೆ ಸರಿಸುವಳು. ಮೈ ಹಾಗೇ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ಹೆಂಡತಿ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. ಒಳಗೆ ಅವ್ವ ಹಲ್ಲು ತೆಗೆದು ನೀರಿನ ಬಟ್ಟಲಲ್ಲಿಟ್ಟು, ಮಜ್ಜಿಗೆಯಲ್ಲಿ ರೊಟ್ಟಿ ಮುರಿದು ಹಾಕಿ, ನೆನೆದ ಚೂರನ್ನು ಬೋಳು ವಸಡಿನಲ್ಲಿ ಜಜ್ಜಿ ನುಂಗುತ್ತಿದ್ದಳು.

"ನೋಡ್ರಿ ನಿಮ್ಮವ್ವನ್ನ," ಎಂದು ಹೆಂಡತಿ ಪಿಸುಗುಟ್ಟಿದಳು. "ಮುಳ್ಳಿನ ಹೊಲದಾಗ ಚಪ್ಪಲಿ ಕೈಯಾಗ ಹಿಡಕೊಂಡು ನಡದು, ಮನಿಗಿ ಬಂದು ಕಾಲಿಗಿ ಹಾಕ್ಕೊಂಡಂಗ ಆತಲ್ರಿ."

ನನಗೆ ಏನೂ ತಿಳಿಯಲಿಲ್ಲ. ಅನ್ನಕ್ಕೆ ಹಲ್ಲು, ರೊಟ್ಟಿಗೆ ಬರೀ ವಸಡು. ಟಾರ್ಚು ಹಿಡಿದು ಅವ್ವನ ಬಾಯಿ ನೋಡಿದೆ. ಹುಣ್ಣಿರಲಿಲ್ಲ. ಹಲ್ಲು ಮುರಿದೀತೆಂಬ ಅಂಜಿಕೆಯೋ, ರುಚಿ ಹತ್ತುವುದಿಲ್ಲವೋ ಎಂದು ನಾನಾ ಬಗೆಯಲ್ಲಿ ಯೋಚಿಸಿದೆ. ಕೊನೆಗೆ ಅವಳನ್ನೇ ಕೇಳಿದೆ.

"ಹಲ್ಲ ನೋಯ್ತಾವೇನವ್ವಾ?"

"ಇಲ್ಲ."

"ಸಡಿಲ ಆಗ್ಯಾವೇನು?"

"ಇಲ್ಲೋ, ಗಟ್ಟ್ಯಾಗಿ ಕುಂತಾವ."

"ಮತ್ತ ರೊಟ್ಟಿ ಯಾಕ ತಿನ್ನವಲ್ಲಿ?"

"ಪಥ್ಯ ಅದಲ್ಲ."

"ಮಜ್ಜಿಗ್ಯಾಗ ಹಾಕ್ಕೊಂಡು ತಿಂದೆಲ್ಲ ಮತ್ತ?"

"ಆವಾಗ ಹಲ್ಲ ತಗದಿರ್ತೀನಿ. ಪಥ್ಯ ಹಲ್ಲಿಂದು. ನಂದೇನದ?"

ಡಾಕ್ಟರು ಹೇಳಿದ್ದು ಮೊದಲ ಕೆಲವು ದಿನಕ್ಕೆ ಮಾತ್ರ, ಅದು ಎಂದೋ ಮುಗಿಯಿತು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ನೀ ಹಾಕೀದೇನು ಪಥ್ಯ? ಹಾಕಿದವ್ರೇ ಬಿಡಸಬೇಕು," ಎಂದಳು.

ಆಗ ನೆನಪಾಯಿತು. ಅಪ್ಪನಿಗೆ ಕಾಮಾಲೆಯಾದಾಗ ತಿಂಥಣಿ ಕಡೆಯ ಒಬ್ಬ ಮುದುಕ ಔಷಧಿ ಕೊಟ್ಟು ಉಪ್ಪು, ಎಣ್ಣೆ ಬಿಡಿಸಿದ್ದ. ಕಣ್ಣಿನ ಹಳದಿ ಇಳಿದರೂ ಅಪ್ಪ ಸಪ್ಪೆ ಉಣ್ಣುತ್ತಲೇ ಇದ್ದ. ಕೊನೆಗೆ ಅವ್ವ ಅವನನ್ನು ಮತ್ತೆ ಹೊಳೆದಂಡೆಯ ಆ ಊರಿಗೇ ಕರೆದೊಯ್ದಳು. ಮುದುಕ ತನ್ನ ಕೈಯಾರೆ ಉಪ್ಪು ಸವರಿದ ಒಂದು ತುತ್ತು ಕೊಟ್ಟ. ನಮ್ಮಲ್ಲಿ ಪಥ್ಯ ಬಿಡುವುದು ಹಾಗೆ.

ಮತ್ತೆ ಯಾದಗಿರಿಯ ಬಸ್ಸು ಹತ್ತಿದೆವು. ಅವ್ವ ಅರಿವೆಯಲ್ಲಿ ಒಂದು ಕಡಕ್ ರೊಟ್ಟಿ ಕಟ್ಟಿಕೊಂಡು, ಮುರಿಯದಂತೆ ಎದೆಗಾನಿಸಿ ಹಿಡಿದಿದ್ದಳು.

"ರೊಟ್ಟಿನಾ? ಧಾರಾಳವಾಗಿ ತಿನ್ನಿ ಅಮ್ಮ, ಎಂದೋ ಶುರು ಮಾಡಬಹುದಿತ್ತು," ಎಂದು ಡಾಕ್ಟರ್ ನಕ್ಕರು.

ಅವ್ವ ಕುರ್ಚಿಯಿಂದ ಏಳಲಿಲ್ಲ. ಗಂಟು ಬಿಚ್ಚಿದಳು. "ಬಾಯಿಮಾತಿಲೆ ಆಗಂಗಿಲ್ಲ ಯವ್ವಾ. ನಿಮ್ಮ ಕೈಲೆ ಒಂದು ತುತ್ತು ಕೊಡ್ರಿ."

ಡಾಕ್ಟರ್ ನನ್ನ ಮುಖ ನೋಡಿದರು. ಮೈಸೂರು ಕಡೆಯವರಿಗೆ ಇದನ್ನು ಹೇಗೆ ವಿವರಿಸಬೇಕೆಂದು ನನಗೂ ಗೊತ್ತಾಗಲಿಲ್ಲ. "ಕೊಟ್ಟುಬಿಡ್ರಿ ಮೇಡಂ," ಎಂದೆ. ಅವರು ಗ್ಲೌಸ್ ತೆಗೆದು, ಕೈ ತೊಳೆದು ಬಂದು, ರೊಟ್ಟಿಯ ಅಂಚು ಮುರಿದರು. ಅವ್ವ ಆ ಚೂರನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು.

"ಎರಡೂ ಕಡೆ ಹಾಕಿ ನಿಧಾನವಾಗಿ ಅಗೀರಿ," ಎಂದರು ಡಾಕ್ಟರ್.

ಕರಕರ ಸದ್ದು ನನಗೂ ಕೇಳಿಸಿತು. ಆಮೇಲೆ ಸದ್ದು ನಿಂತಿತು, ದವಡೆ ನಿಲ್ಲಲಿಲ್ಲ. ಹೊರಗಿನ ಬೆಂಚಿನವರು ಬಗ್ಗಿ ನೋಡತೊಡಗಿದರು. ಅವ್ವ ಅಗಿಯುತ್ತಲೇ ಇದ್ದಳು. ಆಮೇಲೆ ತುತ್ತನ್ನು ಕೆನ್ನೆಗೆ ಸರಿಸಿಕೊಂಡು ಕೇಳಿದಳು:

"ಇನ್ನ ನುಂಗ್ಲೇನ್ರಿ ಯವ್ವಾ?"

ಪಥ್ಯದವಳಾಗಿ ಅಪ್ಪಣೆ ಕೇಳಿದಳೋ, ಇಷ್ಟು ಕಾಲ ಅಗಿಯದೆ ನುಂಗಿದ್ದರಿಂದ ಅಗಿಯುವುದು ಎಲ್ಲಿಗೆ ಮುಗಿಯುತ್ತದೆ ಎಂಬುದೇ ಮರೆತುಹೋಗಿತ್ತೋ, ನನಗೆ ಇಂದಿಗೂ ತಿಳಿದಿಲ್ಲ. ಡಾಕ್ಟರಿಗೂ ತಿಳಿದಂತೆ ಕಾಣಲಿಲ್ಲ.

"ಹೂಂ ಅನ್ರಿ ಮೇಡಂ," ಎಂದೆ.

ಅವರು ಹೂಂ ಎಂದರು. ಅವ್ವ ನುಂಗಿದಳು, ಉಳಿದ ರೊಟ್ಟಿಗೆ ಕೈ ಚಾಚಿದಳು.