ಸೊನ್ನೆಯಕ್ಕ ಎಳೆದ ಗೆರೆ

ಸೊನ್ನೆಯಕ್ಕ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ತರಕಾರಿ ಅಂಗಡಿಯ ತಕ್ಕಡಿ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ, ಔಷಧಿ ಅಂಗಡಿಯ ಗಡಿಯಾರ ಓಡೋಡಿ ಬಂದು ಸರಿಯಾದ ಸಮಯ ತೋರಿಸುತ್ತದೆ ಎಂದು ಜನ ಹೇಳುತ್ತಾರೆ. ಗಡಿಯಾರದ ಮಾತು ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ತಕ್ಕಡಿಯದ್ದು ಮಾತ್ರ ನಿಜ.

ಉಪಕರಣ ತಯಾರಿಸುವ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅವಳು ಮೂವತ್ತೊಂದು ವರ್ಷ ದುಡಿದವಳು. ಏನನ್ನೇ ಅಳೆಯುವ ಮೊದಲು ಮೀಟರಿನ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡುವುದು ಅಲ್ಲಿನ ಮೊದಲ ಪಾಠ. ಉಳಿದವರು ಆ ಪಾಠವನ್ನು ಸಂಜೆ ಬಿಳಿ ಕೋಟಿನ ಜೊತೆ ಗೂಟಕ್ಕೆ ತಗುಲಿಹಾಕಿ ಮನೆಗೆ ಹೋಗುತ್ತಿದ್ದರು. ಇವಳು ಮನೆಗೂ ಹೊತ್ತು ತಂದಳು. ಗಂಡ ಜ್ವರ ಬಂದು ಮಲಗಿದರೂ ಮೊದಲು ಥರ್ಮಾಮೀಟರನ್ನು ಪರೀಕ್ಷಿಸಿ ಆಮೇಲೆ ಗಂಡನನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಜ್ವರವೇ ಬೇಸರಪಟ್ಟು ಎದ್ದು ಹೋಗುತ್ತಿತ್ತಂತೆ.

ನಿವೃತ್ತಿಯ ದಿನ ಎಲ್ಲರಿಗೂ ಕೊಡುವಂತೆ ಅವಳಿಗೂ ಗೋಡೆ ಗಡಿಯಾರ ಕೊಡಲು ಬಂದರು. ಅವಳು ಅದನ್ನು ಬೇಡವೆಂದು, ಗುಜರಿಗೆ ಹೋಗಲಿದ್ದ ಹಳೆಯ ಮೀಟರನ್ನು ಕೇಳಿ ಪಡೆದಳು. ಅಂಗಿಯ ಗುಂಡಿಯಷ್ಟು ಅಗಲದ ಕಪ್ಪು ಬಿಲ್ಲೆ, ಅದಕ್ಕೊಂದು ತಂತಿ, ತಂತಿಯ ತುದಿಗೆ ಮುಳ್ಳಿನ ಡಬ್ಬ. ಲೇಸರ್ ಬೆಳಕು ಬಿಲ್ಲೆಯ ಮೇಲೆ ಬಿದ್ದರೆ ಅದು ಕೂದಲೆಳೆಯಷ್ಟು ಬಿಸಿಯಾಗುತ್ತದೆ. ಬೆಳಕಿಗೆ ಎಷ್ಟು ಶಕ್ತಿಯಿದೆ ಎಂದು ಮುಳ್ಳು ಹೇಳುತ್ತದೆ. ಹತ್ತಿರ ನಿಂತು ನಿಟ್ಟುಸಿರು ಬಿಟ್ಟರೆ ಅದನ್ನೂ ಹೇಳಿಬಿಡುತ್ತದೆ. ಹಾಗಾಗಿ ಅವಳು ಅಳೆಯುವಾಗ ಮನೆಯಲ್ಲಿ ಫ್ಯಾನ್ ಇಲ್ಲ, ಚಹಾ ಇಲ್ಲ, ಉಸಿರಾಟವೂ ಅಷ್ಟಕ್ಕಷ್ಟೆ.

ಟೈಲ್ಸ್ ಮೇಸ್ತ್ರಿ, ಕಾಲೇಜಿನ ಮೇಷ್ಟ್ರು, ನಕ್ಷತ್ರ ನೋಡುವ ಹುಚ್ಚಿನ ಬ್ಯಾಂಕ್ ಗುಮಾಸ್ತ, ಎಲ್ಲರೂ ತಮ್ಮ ಲೇಸರ್ ಪೆನ್ನುಗಳನ್ನು ಅವಳ ಊಟದ ಮೇಜಿಗೆ ತರತೊಡಗಿದರು. ಪೆನ್ನಿನ ಡಬ್ಬದ ಮೇಲೆ ಶಕ್ತಿ ಐದು ಮಿಲಿವ್ಯಾಟ್ ಎಂದು ಬರೆದಿದ್ದರೆ ಒಳಗೆ ಎರಡೂ ಇರಬಹುದು, ಐವತ್ತೂ ಇರಬಹುದು. ಡಬ್ಬದ ಮೇಲೆ ಬರೆಯುವವರೂ ಗಂಡಿನ ಗುಣ ವರ್ಣಿಸುವ ಮದುವೆ ದಲ್ಲಾಳಿಗಳೂ ಒಂದೇ ಬೆಂಚಿನಲ್ಲಿ ಕೂತು ಓದಿರಬೇಕು. ಅವಳು ಮೂರು ಸಲ ಅಳೆದು, ಚೀಟಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ ಕೊಡುತ್ತಿದ್ದಳು.

ಅವಳ ತಮ್ಮನದು ಆಟಿಕೆ ಅಂಗಡಿ. ನಾಲಗೆಯೇ ಅವನ ಬಂಡವಾಳ. ಬೋಳುತಲೆಯವನಿಗೂ ಎರಡು ಬಾಚಣಿಗೆ ಮಾರಿ, ಒಂದು ಕಳೆದುಹೋದರೆ ಇರಲಿ ಎಂದು ಮೂರನೆಯದನ್ನೂ ಕಟ್ಟಿಕೊಡುವ ಜಾತಿ. ಮೊದಲ ಬಾರಿಗೆ ಅವನಿಗೊಂದು ಶಾಲೆಯಿಂದ ದೊಡ್ಡ ಆರ್ಡರ್ ಬಂದಿತ್ತು. ಬೆಳಕಿನ ಪಾಠಕ್ಕೆ ನಲವತ್ತೆಂಟು ಲೇಸರ್ ಪೆನ್ನು. ವಿಜ್ಞಾನದ ಟೀಚರ್ ಒಂದೇ ಷರತ್ತು ಹಾಕಿದ್ದಳು: ಮಕ್ಕಳ ಕಣ್ಣಿನ ವಿಷಯ, ಒಂದು ಮಿಲಿವ್ಯಾಟ್ ದಾಟಬಾರದು, ಸೊನ್ನೆಯಕ್ಕನ ಚೀಟಿ ಬೇಕು.

ತಮ್ಮ ಒಂದು ಪೆನ್ನು ತಂದು ಕೊಟ್ಟ. ಅವಳು ಅಳೆದಳು. ಸೊನ್ನೆ ಪಾಯಿಂಟ್ ಒಂಬತ್ತು. ಮೂರು ಸಲವೂ ಅಷ್ಟೇ. ಡಬ್ಬದ ಮೇಲೆ ಬರೆದಿದ್ದು ಒಂದು. ಸಹಿ ಬಿತ್ತು. ಸೋಮವಾರ ಪೆಟ್ಟಿಗೆ ಶಾಲೆಗೆ ಹೋಯಿತು, ಪಾಠ ಬುಧವಾರ ಬೆಳಗ್ಗೆ. ಆ ಖುಷಿಗೆ ತಮ್ಮ ಭಾವನಿಗೂ ಅದೇ ಮಾದರಿಯ ಒಂದು ಹೊಸ ಪೆನ್ನು ಕಾಣಿಕೆ ಕೊಟ್ಟು ಹೋದ.

ಭಾವ ಎಂದರೆ ಸೊನ್ನೆಯಕ್ಕನ ಗಂಡ, ನಿವೃತ್ತ ಬಸ್ ಡ್ರೈವರ್. ಮಂಗಳವಾರ ಮಧ್ಯಾಹ್ನ ಅವನು ಕಿಟಕಿಯಲ್ಲಿ ನಿಂತು ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕೆಂಪು ಚುಕ್ಕೆ ಬಿಟ್ಟು ಕಾಗೆಯೊಂದನ್ನು ಗೋಳು ಹೊಯ್ದುಕೊಳ್ಳುತ್ತಿದ್ದ.

"ರೀ, ಕಾಗೆಗೂ ಕಣ್ಣಿದೆ, ಆರಿಸ್ರೀ ಅದನ್ನ," ಎಂದು ಗದರಿಸಲು ಬಂದವಳು ಅಲ್ಲೇ ನಿಂತಳು. ಹೊರಗೆ ಬಿಸಿಲು ರಾಚುತ್ತಿತ್ತು. ಅಷ್ಟು ದೂರದ ಟ್ಯಾಂಕಿನ ಮೇಲೆ ಚುಕ್ಕೆ ಕುಂಕುಮ ಇಟ್ಟಂತೆ ಎದ್ದು ಕಾಣುತ್ತಿತ್ತು.

"ಕೊಡಿ ಇಲ್ಲಿ."

"ಅಯ್ಯೋ, ನನ್ನ ಬಾಮೈದ ನಂಗೆ ಕೊಟ್ಟಿದ್ದು ಕಣೇ!"

"ನಿಮ್ಮ ಬಾಮೈದ ನಂಗೇನು ಕೊಟ್ಟ ಅಂತ ಮೊದ್ಲು ನೋಡ್ಬೇಕು."

ಫ್ಯಾನ್ ನಿಂತಿತು. ಸೊನ್ನೆ ನೋಡಿದಳು, ಅಳೆದಳು. ಹದಿನಾಲ್ಕು. ಮತ್ತೆ ಸೊನ್ನೆ, ಮತ್ತೆ ಹದಿನಾಲ್ಕು. ಮೂರನೆಯ ಸಲವೂ ಹದಿನಾಲ್ಕು. ಡ್ರೈವರ್ ಉಸಿರು ಕಟ್ಟಿ ನಿಂತಿದ್ದವನು ಕೊನೆಗೆ, "ಉಸಿರು ಬಿಡ್ಲಾ?" ಎಂದು ಕೈಸನ್ನೆ ಮಾಡಿದ.

ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಅಂಗಡಿಯಲ್ಲಿ ತಮ್ಮ ಕೀಲಿ ಕೊಟ್ಟರೆ ಕುಣಿಯುವ ಕೋತಿಯನ್ನು ಕುಣಿಸುತ್ತಿದ್ದ.

"ಲೋ, ಅವತ್ತು ನಂಗೆ ಕೊಟ್ಟ ಪೆನ್ನು ಎಲ್ಲಿಂದ ತೆಗ್ದೆ?"

"ಎಲ್ಲಿಂದ ಅಂದ್ರೆ? ಅಕ್ಕನಿಗೆ ಅಂತ ಇರೋದ್ರಲ್ಲಿ ಒಳ್ಳೇದನ್ನೇ ಆರಿಸಿ ಕೊಟ್ಟೆ. ಒಂದು ತಿಂಗಳಿಂದ ಗಿರಾಕಿಗಳಿಗೆ ಹಚ್ಚಿ ತೋರಿಸ್ತಿದ್ದಿದ್ದು. ಒಂದಿನಾನೂ ಕೈ ಕೊಟ್ಟಿಲ್ಲ."

"ಬ್ಯಾಟರಿ ಬದಲಾಯಿಸಿದ್ಯಾ?"

"ಉರೀತಾ ಇರೋವಾಗ ಯಾಕೆ ಬದಲಾಯಿಸ್ಲಿ?"

ಸೊನ್ನೆಯಕ್ಕ ಅಲ್ಲಿದ್ದ ಪುಟಾಣಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದಳು. ಮೂರು ವರ್ಷದ ಮಕ್ಕಳಿಗೆ ಮಾಡಿದ ಕುರ್ಚಿ. ಅದೂ ಪರಿಸ್ಥಿತಿ ಅರ್ಥಮಾಡಿಕೊಂಡು ಸುಮ್ಮನಿತ್ತು. ತಿಂಗಳಿಡೀ ಉರಿದು ಬ್ಯಾಟರಿ ಸೊರಗಿದ ಪೆನ್ನನ್ನು ಅವಳು ಅಳೆದಿದ್ದಳು. ಮೀಟರಿನ ಸೊನ್ನೆ ನೋಡಿದ್ದಳು, ಬ್ಯಾಟರಿ ನೋಡಿರಲಿಲ್ಲ. ನಲವತ್ತೆಂಟರ ಬದಲು ಒಂದನ್ನು ನೋಡಿದ್ದಳು, ಅದೂ ತಮ್ಮ ಆರಿಸಿ ಕೊಟ್ಟಿದ್ದನ್ನು. ಯಾರೋ ಬಂದು ಕೊಟ್ಟಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದಳು. ತಮ್ಮನೆಂದು ಒಂದೂ ಕೇಳಿರಲಿಲ್ಲ.

"ಅಕ್ಕ, ಈಗ ಹೋಗಿ ಸರಿ ಇಲ್ಲ ಅಂದ್ರೆ ಆರ್ಡರ್ ಹೋಯ್ತು. ನನ್ನ ಮಾತನ್ನ ಇನ್ಯಾವ ಶಾಲೆಯವ್ರು ನಂಬ್ತಾರೆ? ಮಕ್ಕಳಿಗೆ ಕಣ್ಣಿಗೆ ಬಿಡ್ಬೇಡಿ ಅಂತ ಹೇಳಿದ್ರೆ ಆಗಲ್ವಾ?"

"ನಿಂಗೆ ಹತ್ತು ವರ್ಷ ಆಗಿದ್ದಾಗ ಬೇಡ ಅಂದಿದ್ದನ್ನ ಎಷ್ಟು ಸಲ ಬಿಟ್ಟಿದ್ದೆ, ಹೇಳು?"

ತಮ್ಮ ಕೋತಿಯ ಕೀಲಿ ನಿಲ್ಲಿಸಿದ. ಮೊಣಕಾಲಿನ ಗಾಯದ ಗುರುತು ಇನ್ನೂ ಅವನ ಜೊತೆಗಿತ್ತು.

"ನಡಿ," ಎಂದಳು ಅಕ್ಕ. "ಗಡಿಯಾರದವ್ರ ಸಣ್ಣ ಸ್ಕ್ರೂಡ್ರೈವರ್ ಇದ್ರೆ ತಗೋ. ಹೊಸ ಬ್ಯಾಟರಿಗಳನ್ನೂ ತಗೋ."

ಡ್ರೈವರ್ ಇಬ್ಬರನ್ನೂ ಹಳೆಯ ಕಾರಿನಲ್ಲಿ ಶಾಲೆಗೆ ಕರೆದೊಯ್ದ. ಮನೆಯಿಂದ ತಂದ ನಾಜೂಕು ಮೀಟರ್ ಅಕ್ಕನ ತೊಡೆಯ ಮೇಲಿದ್ದ ಕಾರಣ ಬಸವನಹುಳುವೊಂದು ಹಾರ್ನ್ ಹೊಡೆದು ಅವರನ್ನು ದಾಟಿಕೊಂಡು ಹೋಯಿತಂತೆ. ಡ್ರೈವರ್ ಈಗಲೂ ಆಣೆ ಮಾಡಿ ಹೇಳುತ್ತಾನೆ.

ಟೀಚರ್ ಪ್ರಯೋಗಾಲಯದಲ್ಲಿ ಪುಟ್ಟ ಕನ್ನಡಿಗಳನ್ನು ಒರೆಸಿ ಸಾಲಾಗಿ ಜೋಡಿಸುತ್ತಿದ್ದಳು. ಚೀಟಿ ಗೋಡೆಯ ಬೋರ್ಡಿನಲ್ಲಿ ಪಿನ್ನು ಚುಚ್ಚಿಸಿಕೊಂಡು ನಿಂತಿತ್ತು.

"ಟೀಚರ್, ಆ ಚೀಟಿ ತಪ್ಪು," ಎಂದಳು ಸೊನ್ನೆಯಕ್ಕ. ಪೀಠಿಕೆ ಇಲ್ಲ, ಕೆಮ್ಮೂ ಇಲ್ಲ. "ಒಂದು ಅಂತ ಬರೆದಿರೋ ಪೆನ್ನು ಹದಿನಾಲ್ಕು ಕೊಡ್ತಿದೆ. ನಾನು ಸೊರಗಿದ ಬ್ಯಾಟರಿ ಇಟ್ಕೊಂಡು ಅಳೆದೆ."

ಟೀಚರ್ ಕೈಯಲ್ಲಿದ್ದ ಕನ್ನಡಿಯನ್ನು ಕೆಳಗಿಟ್ಟಳು. "ಅಮ್ಮ, ನಾಳೆ ಮೊದಲ್ನೇ ಪೀರಿಯಡ್ಡೇ ಇದು. ಮಕ್ಕಳು ಒಂದು ವಾರದಿಂದ ಕಾಯ್ತಿದಾರೆ."

"ಪೆಟ್ಟಿಗೆ ಕೊಡಿ. ಆಗುತ್ತೋ ಇಲ್ವೋ ಸಂಜೆಯೊಳಗೆ ಹೇಳ್ತೀನಿ. ಆಗ್ಲಿಲ್ಲ ಅಂದ್ರೆ ಎಲ್ಲಾ ವಾಪಸ್. ಇವನು ತಗೊಂಡು ಹೋಗ್ತಾನೆ."

ಇವನು ನೆಲ ನೋಡುತ್ತಾ ತಲೆಯಾಡಿಸಿದ.

ಪೆನ್ನಿನ ಮೂತಿ ತಿರುಗಿಸಿ ಬಿಚ್ಚಿದರೆ ಒಳಗೆ ಸಾಸಿವೆ ಕಾಳಿನಷ್ಟು ಸ್ಕ್ರೂ. ಎಡಕ್ಕೆ ತಿರುಗಿಸಿದರೆ ಲೇಸರಿಗೆ ಹೋಗುವ ವಿದ್ಯುತ್ತು ಕಡಿಮೆಯಾಗಬೇಕು. ಆಗಬೇಕು ಎಂಬುದು ಪುಸ್ತಕದ ಮಾತು. ಸೊನ್ನೆಯಕ್ಕ ಹೊಸ ಬ್ಯಾಟರಿ ಹಾಕಿಸಿ, ಸೊನ್ನೆ ನೋಡಿ, ಕಾಲು ಸುತ್ತು ತಿರುಗಿಸಿದಳು. ಹದಿನಾಲ್ಕರಲ್ಲಿದ್ದ ಮುಳ್ಳು ಒಂಬತ್ತಕ್ಕೆ ಇಳಿಯಿತು. ಇನ್ನೊಂದು ಕಾಲು ಸುತ್ತು, ನಾಲ್ಕು. ಆಮೇಲೆ ಕೂದಲೆಳೆಯಷ್ಟು, ಮತ್ತಷ್ಟು. ಸೊನ್ನೆ ಪಾಯಿಂಟ್ ಏಳರಲ್ಲಿ ಮುಳ್ಳು ನಿಂತಿತು.

"ಹೊಸ ಬ್ಯಾಟರಿಯಲ್ಲೇ ಇಷ್ಟು. ಹಳೆಯದಾದ್ರೆ ಇನ್ನೂ ಇಳಿಯುತ್ತೆ, ಏರಲ್ಲ," ಎಂದಳು. ಟೀಚರ್ ಬಾಗಿಲು ಮುಚ್ಚಿ ಫ್ಯಾನ್ ಆರಿಸಿ ತಾನೂ ಕುರ್ಚಿ ಎಳೆದುಕೊಂಡಳು.

ತಮ್ಮ ಬ್ಯಾಟರಿ ಹಾಕಿದ, ಟೀಚರ್ ಅಂಕಿ ಬರೆದುಕೊಂಡಳು. ಹೊಂದಿಸಿದ ಸ್ಕ್ರೂ ಮತ್ತೆ ಅಲುಗದಂತೆ ಡ್ರೈವರ್ ಒಂದೊಂದು ಹನಿ ಗೋಂದು ಬಿಟ್ಟ. ಮೂವತ್ತು ವರ್ಷ ಬಸ್ಸು ತಿರುಗಿಸಿದ ಕೈ ಈಗ ಸಾಸಿವೆಯನ್ನು ಹುಡುಕುತ್ತಾ ಬೆವರಿತು. ಮೂರು ಗಂಟೆ ಕಾಲ ನಾಲ್ವರೂ ಪಿಸುಮಾತಿನಲ್ಲೇ ಇದ್ದರು. ತಮ್ಮ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಐದೂವರೆಗೆ ನಲವತ್ತೈದು ಪೆನ್ನುಗಳು ಒಂದರ ಕೆಳಗಿಳಿದಿದ್ದವು. ಮೂರು ಮಾತ್ರ ಎಷ್ಟು ತಿರುಗಿಸಿದರೂ ಜಗ್ಗಲಿಲ್ಲ. ಅವುಗಳ ಬ್ಯಾಟರಿ ಕಿತ್ತು ತಮ್ಮ ತನ್ನ ಜೇಬಿಗೆ ಹಾಕಿಕೊಂಡ.

"ನಲವತ್ತೆಂಟರ ಬದಲು ನಲವತ್ತೈದು. ಸಾಕಾಗುತ್ತಾ?" ಎಂದು ಅವನೇ ಕೇಳಿದ.

"ಮೂರು ಜೋಡಿ ಹಂಚ್ಕೋತಾರೆ ಬಿಡಿ," ಎಂದಳು ಟೀಚರ್. "ಹಂಚ್ಕೊಳ್ಳೋದೂ ಪಾಠಾನೇ."

ಹಳೆಯ ಚೀಟಿಯನ್ನು ಹರಿದು ಹಾಕಲು ಟೀಚರ್ ಕೈ ಚಾಚಿದಾಗ ಸೊನ್ನೆಯಕ್ಕ ತಡೆದಳು. ಪರೀಕ್ಷಾ ಕೋಣೆಯಲ್ಲಿ ತಪ್ಪು ಅಂಕಿಯನ್ನು ಅಳಿಸುವಂತಿಲ್ಲ, ಹರಿಯುವಂತಿಲ್ಲ. ಅದರ ಮೇಲೆ ಒಂದೇ ಗೆರೆ; ಕೆಳಗಿನ ಅಂಕಿ ಓದಲು ಬರಬೇಕು; ಪಕ್ಕದಲ್ಲಿ ಕಾರಣ ಮತ್ತು ಸಹಿ. ಮೂವತ್ತೊಂದು ವರ್ಷದಲ್ಲಿ ಅವಳು ಅಂಥ ಗೆರೆ ಎಳೆದಿದ್ದು ಎರಡೇ ಸಲ. ಅಡಿಕೋಲು ಇಟ್ಟು ಮೂರನೆಯದನ್ನು ಎಳೆದಳು. ಪಕ್ಕದಲ್ಲಿ ಬರೆದಳು: ಬ್ಯಾಟರಿ ಹಳೆಯದು, ಒಂದನ್ನೇ ನೋಡಿದ್ದು, ತಪ್ಪು ನನ್ನದು. ಹೊಸ ಚೀಟಿಯನ್ನು ಅದರ ಪಕ್ಕದಲ್ಲೇ ಚುಚ್ಚಿದರು.

ಬುಧವಾರ ಬೆಳಗ್ಗೆ ಸೊನ್ನೆಯಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಪರದೆ ಎಳೆದ ಕೋಣೆಯಲ್ಲಿ ನಲವತ್ತೈದು ಕೆಂಪು ಚುಕ್ಕೆಗಳು ಕನ್ನಡಿಯಿಂದ ಕನ್ನಡಿಗೆ ಹಾರಿ ಗೋಡೆ ತುಂಬಾ ಗೂಡು ಬಿಟ್ಟ ಗುಬ್ಬಿಮರಿಗಳಂತೆ ಓಡಾಡಿದವು. ಮುಂದಿನ ಸಾಲಿನ ಹುಡುಗಿಯೊಬ್ಬಳು ಬೋರ್ಡು ನೋಡಿ ಕೇಳಿದಳು, "ಮಿಸ್, ದೊಡ್ಡವ್ರೂ ತಪ್ಪು ಅಂತ ಬರೀತಾರಾ?"

"ಬರೀತಾರೆ," ಎಂದಳು ಟೀಚರ್. "ಸಹಿ ಹಾಕಿ ಬರೀತಾರೆ."

ಮುಂದಿನ ತಿಂಗಳು ಅಂಗಡಿಗೆ ಹೊಸ ಪೆಟ್ಟಿಗೆ ಬಂದಾಗ ತಮ್ಮ ಅದನ್ನು ಬಿಚ್ಚದೆ ನೇರ ಅಕ್ಕನ ಊಟದ ಮೇಜಿನ ಮೇಲಿಟ್ಟ.

"ಅಕ್ಕ, ನಾನು ಆರಿಸಿ ಕೊಡಲ್ಲ. ನೀನೇ ಕಣ್ಮುಚ್ಚಿ ಕೈ ಹಾಕಿ ತೆಗಿ. ಆ ಶಾಲೆ ಟೀಚರು ಪಕ್ಕದ ಶಾಲೆಗೂ ಹೇಳಿದಾರೆ."

ಸೊನ್ನೆಯಕ್ಕ ಕಣ್ಣು ಮುಚ್ಚಿ ಕೈ ಹಾಕಿದಳು. ಒಳಕೋಣೆಯಿಂದ ಡ್ರೈವರ್ ತಾನಾಗಿಯೇ ಎದ್ದು ಬಂದು ಫ್ಯಾನ್ ಆರಿಸಿದ.