ಭಾವನ ಜೇಬಿನ ಆಂಕರ್

ನನ್ನ ಅಕ್ಕನ ಗಂಡನ ಅಂಗಿಯ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಒಳಗೆ ನಟ್ಟು, ಬೋಲ್ಟು, ಗೋಡೆ-ನೆಲಕ್ಕೆ ಬಿಗಿಯುವ ಒಂದೆರಡು ಕಬ್ಬಿಣದ ಆಂಕರ್. ಒಗೆಯುವ ಮುಂಚೆ ಅಕ್ಕ ಬೈದುಕೊಂಡೇ ತೆಗೆದಿಡುತ್ತಿದ್ದಳು. ಮಾರನೆಯ ದಿನ ಜೇಬು ಮತ್ತೆ ಅಷ್ಟೇ ಭಾರ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ಕಾಂಕ್ರೀಟಿನ ತಳಕ್ಕೆ ಬಿಗಿಯುವುದೇ ಭಾವನ ಜೀವಮಾನದ ಕೆಲಸವಾಗಿತ್ತು.

ವಿದ್ಯಾನಗರದ ನಮ್ಮ ಮನೆಗೆ ಬಂದರೆ ಸವಳಂಗ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋಗದೆ ವಾಪಸಾದವರಲ್ಲ. ಒಮ್ಮೆ ನಮ್ಮ ಗೋಡೆಗೆ ಕಪಾಟು ಕೂರಿಸಬೇಕಿತ್ತು, ನಾನೂ ಜೊತೆಗೆ ಹೋದೆ. ಭಾವ ಆಂಕರ್ ಕೇಳಿದರೆ ಅಂಗಡಿಯ ಪುಣ್ಯಾತ್ಮ ಮರದ ಡೋವೆಲ್‌ಗಳ ಪೊಟ್ಟಣ ಮುಂದಿಟ್ಟು, "ಎಲ್ಲಾ ಒಂದೇ ಸಾರ್, ತೂತಿಗೆ ಹೊಡೆಯೋದು ತಾನೇ?" ಅಂದ. ಭಾವನಿಗೆ ರೇಗಿಹೋಯಿತು.

"ಒಂದೇ ಅಂತೆ! ನೋಡು ಮಾರಾಯ್ತಿ," ಎಂದು ನನ್ನ ಕಡೆ ತಿರುಗಿದರು. "ಈ ಮರದ ಕಡ್ಡಿ ಇರೋದು ಹಲಗೆಗೆ ಹಲಗೆ ಸೇರಿಸೋಕೆ. ಎರಡು ಕಡೆ ತೂತು, ಒಂಚೂರು ಗೋಂದು, ಮುಗೀತು. ಆಂಕರ್ ಹಂಗಲ್ಲ. ಬಿಗಿ ಮಾಡ್ದಂಗೆ ಒಳಗೇ ಅರಳ್ಕೊಂಡು ಗೋಡೆ ಕಚ್ಕೊಳ್ಳುತ್ತೆ. ನೀನು ಜೋತಾಡಿದ್ರೂ ಈಚೆಗೆ ಬರಲ್ಲ."

ಅದಾಗಿ ಕೆಲವು ವರ್ಷಕ್ಕೆ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಾಲು ಎಳೆದುಕೊಂಡು ನಡೆಯುತ್ತಿದ್ದಳು. ಬಚ್ಚಲಿಗಾದರೂ ಒಬ್ಬಳೇ ಹೋಗಿಬರಬೇಕು ಎನ್ನುವುದೊಂದೇ ಅವಳ ಆಸೆ. "ಅದಕ್ಕೂ ಇನ್ನೊಬ್ರು ಬೇಕಾಯ್ತಲ್ಲೇ," ಎಂದು ನನ್ನೆದುರು ಅತ್ತಳು. ಅವಳು ಹಿಡಿದುಕೊಂಡು ನಡೆಯಲೆಂದು ಭಾವ ಬಚ್ಚಲ ಗೋಡೆಗೆ ಸ್ಟೀಲಿನ ಕಂಬಿ ತಂದರು, ಜೇಬಿನಿಂದ ದಪ್ಪ ಆಂಕರ್ ತೆಗೆದರು.

ಭದ್ರಾವತಿ ಹಳೇನಗರದ ಅವರ ಬಾಡಿಗೆ ಮನೆಯದು ಮಣ್ಣುಗಾರೆಯ ಹಳೆಯ ಇಟ್ಟಿಗೆ ಗೋಡೆ. ಭಾವನ ಕೈಗೆ ಗೊತ್ತಿದ್ದದ್ದು ಕಾಂಕ್ರೀಟು. ಕಾರ್ಖಾನೆಯಲ್ಲಿ ಬಿಗಿದಂತೆಯೇ ಬಿಗಿದರು. ಒಳಗೆ ಅರಳಿದ ಆಂಕರ್ ಇಟ್ಟಿಗೆಯನ್ನೇ ಸೀಳಿತು. ಪಕ್ಕದಲ್ಲಿ ಇನ್ನೊಂದು ತೂತು ಕೊರೆದರು, ಅಲ್ಲೂ ಅದೇ ಕತೆ. ಕೊನೆಗೆ ಗೋಡೆಯ ಗಾರೆ ಅವರ ಪಾದದ ಮೇಲೆ ಸುರಿಯಿತು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬಿಡ್ರೀ, ಸಾಕು," ಅಂದಳು.

"ಗೋಡೇಲೇ ಜೀವ ಇಲ್ಲ ಕಣೆ," ಅಂದರು ಭಾವ. ಅಂಗಡಿಯಲ್ಲಿ ರೇಗಾಡುತ್ತಿದ್ದ ಮನುಷ್ಯನ ದನಿ ಅದೆಷ್ಟು ಸಣ್ಣದಾಗಿತ್ತು! ನಾನು ಪೊರಕೆ ತಂದು ಗಾರೆ ಗುಡಿಸಿದೆ.

ಅಂದಿನಿಂದ ಬಚ್ಚಲ ಬಾಗಿಲಲ್ಲಿ ತೋಳು ಅಡ್ಡ ಹಿಡಿದು ಭಾವನೇ ನಿಲ್ಲುತ್ತಿದ್ದರು. "ಹಿಡ್ಕೋ, ಪೂರ್ತಿ ಭಾರ ಹಾಕು, ಏನೂ ಆಗಲ್ಲ," ಅನ್ನುತ್ತಿದ್ದರು. ಮೊದಮೊದಲು ಅಕ್ಕ ಮುಖ ಆಚೆ ತಿರುಗಿಸಿಕೊಂಡು ಹಿಡಿಯುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು. ಹೋದ ವರ್ಷ ಎದೆನೋವು ಅಂದ ಭಾವ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಮನೆಗೆ ತಂದಾಗಲೂ ಜೇಬು ಜೋತುಬಿದ್ದೇ ಇತ್ತು.

ಅಕ್ಕ ಈಗ ನನ್ನ ಮನೆಯಲ್ಲಿದ್ದಾಳೆ. ನಮ್ಮ ಬಚ್ಚಲಿನ ಕಾಂಕ್ರೀಟ್ ಕಂಬಕ್ಕೆ ಅದೇ ಕಂಬಿಯನ್ನು ಭಾವನ ಜೇಬಿನ ಆಂಕರ್‌ಗಳಿಂದಲೇ ಬಿಗಿಸಿದ್ದೇನೆ. ಒಂದಿಷ್ಟೂ ಅಲುಗುವುದಿಲ್ಲ. ಅಕ್ಕ ಅದನ್ನು ಮುಟ್ಟುವುದಿಲ್ಲ. ಬಾಗಿಲ ಹತ್ತಿರ ಎಡಗೈ ಚಾಚಿ ನಿಂತುಬಿಡುತ್ತಾಳೆ.

"ಕಂಬಿ ಹಿಡ್ಕೊಳ್ಳೇ ಅಕ್ಕ, ಗಟ್ಟಿ ಇದೆ. ಒಬ್ಬಳೇ ಹೋಗ್ಬಹುದು," ಅನ್ನುತ್ತೇನೆ.

"ಗೊತ್ತು," ಅನ್ನುತ್ತಾಳೆ. ಕೈ ಮಾತ್ರ ಚಾಚಿದಂತೆಯೇ ಇರುತ್ತದೆ. ನಾನೇ ಹೋಗಿ ತೋಳು ಕೊಡುತ್ತೇನೆ. ಹಿಡಿದುಕೊಳ್ಳುತ್ತಾಳೆ, ಆದರೆ ಭಾರ ಹಾಕುವುದಿಲ್ಲ.