ಒಚಿಯೆಂಗ್ ಮೇಷ್ಟ್ರ ಮನೆ ಖಾಲಿ ಮಾಡಿದ್ದು

ಕಳೆದ ಶನಿವಾರ ನಾನೊಂದು ಪಾಪ ಮಾಡಿದೆ. ಬಹಳ ಶ್ರದ್ಧೆಯಿಂದ ಮಾಡಿದೆ.

ಇಲ್ಲಿ ಯುರೋಪಿನಲ್ಲಿ, ಫ್ಲೆಮಿಂಗ್ಸ್‌ಬೆರ್ಯ್ ಎಂಬ ಊರಿನ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಒಚಿಯೆಂಗ್ ಎಂಬುವರಿದ್ದರು. ಕೀನ್ಯಾದಲ್ಲಿ ಫಿಲಾಸಫಿ ಮೇಷ್ಟ್ರು, ಇಲ್ಲಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. (ವಲಸೆ ಬಂದವರ ಡಿಗ್ರಿಗೆ ಸಿಗುವ ಮರ್ಯಾದೆ ಗೊತ್ತಲ್ಲ?)

ಕೆಳಗಿನ ಲಾಂಡ್ರಿ ರೂಮಿನಲ್ಲಿ ಸರದಿ ಕಾಯುವಾಗ ಅವರದೇ ಮಾತು. ಬ್ರಿಟಿಷರು ಹೋದ ಮೇಲೂ ಅವರ ಕಾಲೇಜಿನಲ್ಲಿ ಯುರೋಪಿನ ಚಿಂತನೆ ಮಾತ್ರ ಪಾಠವಂತೆ. ಆಫ್ರಿಕಾದವರಿಗೆ ನಂಬಿಕೆಗಳಿವೆ, ಓದುಬರಹವಿಲ್ಲದ ಕಡೆ ಫಿಲಾಸಫಿ ಎಲ್ಲಿದೆ ಎಂದು ಯುರೋಪಿನ ಪ್ರೊಫೆಸರುಗಳು ನಗುತ್ತಿದ್ದರಂತೆ. ಸಿಟ್ಟಿಗೆದ್ದ ಮೇಷ್ಟ್ರು ಹಳ್ಳಿ ಹಳ್ಳಿ ಅಲೆದು, ಓದುಬರಹ ಬಾರದ ಹಿರಿಯರಿಗೆ ಪ್ರಶ್ನೆ ಹಾಕಿದರು. ನ್ಯಾಯ ಅಂದರೇನು? ಊರೆಲ್ಲ ಒಪ್ಪಿದ್ದೂ ತಪ್ಪಾಗಿರಬಹುದೇ?

"ಒಬ್ಬಳು ಅಜ್ಜಿ ಎರಡು ದಿನ ನನ್ನ ಜತೆ ವಾದ ಮಾಡಿದಳು. ಸೋತಿದ್ದು ನಾನು" ಎಂದು ನಗುತ್ತಿದ್ದರು.

ನಾನು ತಲೆಯಾಡಿಸುತ್ತಿದ್ದೆ. ಕಣ್ಣು ವಾಷಿಂಗ್ ಮೆಷಿನ್ ಮೇಲೆ.

ಜನವರಿಯಲ್ಲಿ ಮೇಷ್ಟ್ರಿಗೆ ಸ್ಟ್ರೋಕ್ ಆಯಿತು. ಕಮ್ಯೂನ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ವೃದ್ಧಾಶ್ರಮಕ್ಕೆ ಸೇರಿಸಿದರು. ಮನೆ ಖಾಲಿ ಮಾಡಿಕೊಡಬೇಕು, ಅವರಿಗಿಲ್ಲಿ ನಂಟರಿಲ್ಲ. ಬೀಗದ ಕೈ ನನಗೆ ಕೊಟ್ಟು ತೊದಲಿದರು: "ನನ್ನ ಕೆಲಸವೆಲ್ಲ ಆ ಮನೆಯಲ್ಲಿದೆ. ಜೋಪಾನ."

ಕಾಗದಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಒಂದು ಚೀಟಿಯನ್ನೂ ಬಿಡದೆ ಪೆಟ್ಟಿಗೆಗೆ ತುಂಬಿದೆ. ಮಂಚದ ಕೆಳಗೆ ಎರಡು ಬ್ಯಾಗ್ ಕ್ಯಾಸೆಟ್‌ಗಳು ಸಿಕ್ಕವು. ಮೇಲೆ ಬರೀ ನಂಬರು.

"ಹಳೇ ಸಾಂಗ್ಸ್ ಇರತ್ತೆ ಕಣೇ. ಈಗ ಯಾರ್ ಕೇಳ್ತಾರೆ? ರಿಸೈಕ್ಲಿಂಗ್‌ಗೆ ಹಾಕ್ಬಿಡೋಣ" ಅಂದರು ನನ್ನ ಗಂಡ.

"ಹಾಕ್ಬಿಡಿ. ಬುಕ್ಸ್ ಮಾತ್ರ ಹುಷಾರು ರೀ" ಅಂದೆ.

ಬುಧವಾರ ಏಳು ಪೆಟ್ಟಿಗೆ ಹೊತ್ತು ಆಶ್ರಮಕ್ಕೆ ಹೋದೆವು. ಮೇಷ್ಟ್ರು ಸರಿಯಿದ್ದ ಒಂದೇ ಕೈಯಲ್ಲಿ ಒಂದೊಂದಾಗಿ ತೆಗೆದು ನೋಡಿದರು. ಕಮ್ಯೂನ್‌ನ ಪತ್ರಗಳು. ಅಡುಗೆಮನೆಯ ಡ್ಯೂಟಿ ಪಟ್ಟಿಗಳು. ಯುರೋಪಿನವರ ಫಿಲಾಸಫಿ ಪುಸ್ತಕಗಳು. ಎಲ್ಲ ಮುಗಿದ ಮೇಲೆ ಬೆರಳಿನಿಂದ ಕಿವಿ ಮುಟ್ಟಿ ತೋರಿಸಿದರು.

"ಆ ಹಿರಿಯರ ಧ್ವನಿ?"

ಮಂಚದ ಕೆಳಗಿನ ಕ್ಯಾಸೆಟ್‌ಗಳು! ಮನೆಗೆ ಬಂದವಳೇ ಕಸದ ಕೋಣೆಗೆ ಓಡಿದೆ. ಇಲ್ಲಿ ಎಲ್ಲವೂ ಟೈಮಿಗೆ ಸರಿಯಾಗಿ ನಡೆಯುತ್ತದೆ. ಡಬ್ಬಗಳು ಖಾಲಿ.

ಆ ಹಿರಿಯರಲ್ಲಿ ಒಬ್ಬರೂ ಈಗ ಬದುಕಿಲ್ಲ. ಲಾಂಡ್ರಿ ರೂಮಿನಲ್ಲಿ ಮೇಷ್ಟ್ರು ಅದನ್ನೂ ಹೇಳಿದ್ದರು. ನಾನು ಆಗಲೂ ತಲೆಯಾಡಿಸಿದ್ದೆ.

ಓದುಬರಹ ಬಾರದವರದ್ದು ಯೋಚನೆಯೇ ಅಲ್ಲ ಎಂದು ಆ ಪ್ರೊಫೆಸರುಗಳು ಬಾಯಲ್ಲಿ ಹೇಳಿದ್ದರಷ್ಟೆ. ಕೈಯಾರೆ ಅದನ್ನು ನಿಜ ಮಾಡಿ ಮುಗಿಸಿದ್ದು ಯಾರು?